ಗಂಗವ್ವ ತೀರಿಕೊಂಡ ಸುದ್ದಿ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿಲ್ಲ. ಹೇಳುವ ಕೆಲಸವನ್ನು ಕಾಕಿ ಮುಂಜಾನೆಯೇ ಶುರು ಮಾಡಿರುತ್ತಾಳೆ, ನನಗೆ ಸರದಿಯೇ ಸಿಗುವುದಿಲ್ಲ! ಕಾಕಾ ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಐತಿಹಾಸಿಕ ಕಥೆಯ ಪಾಠ ಬಂತೆಂದರೆ ಮುಗಿಯಿತು, ಮನುಷ್ಯ ಈ ಕಾಲದಲ್ಲಿ ಇರುವುದೇ ಇಲ್ಲ.

ರಾಜನ ಸ್ವಭಾವ ಬರೆಯಿರಿ ಅಂದರೆ ಎಲ್ಲಾ ಮಕ್ಕಳೂ ಏನು ಬರೆಯುತ್ತಾರೆ? ರಾಜನು ಶೂರನು, ಧೀರನು, ಪ್ರಜಾವತ್ಸಲನು. ಕಾಕಾ ಅಷ್ಟಕ್ಕೂ ಸೊನ್ನೆ ಕೊಡುತ್ತಾನೆ. "ಅವ ಮುಂಜಾನಿ ಎದ್ದು ಯಾರಿಗಿ ಬೈತಿದ್ದ? ಊಟಕ್ಕ ಕುಂತಾಗ ಮೊದಲ ಏನು ಕೇಳ್ತಿದ್ದ? ಅದು ಬರೀರಿ" ಎನ್ನುತ್ತಾನೆ. ಅರಸನ ಬೈಗುಳ ಮಕ್ಕಳಿಗೆ ಎಲ್ಲಿಂದ ಗೊತ್ತಾಗಬೇಕು?

ಮಕ್ಕಳಿಗೆ ಕಾಲದ ಪರಿಸರ ತಿಳಿಸುವ ಮೊದಲು ತಾನು ತಿಳಿಯಬೇಕಂತೆ. ಅದಕ್ಕೆ ಒಂದು ದಿನ ಅಡುಗೆಮನೆಯಿಂದ ಮೆಣಸಿನಕಾಯಿ, ಬಟಾಟಿ, ಶೇಂಗಾ ಎಲ್ಲವನ್ನೂ ಎತ್ತಿ ಹೊರಗಿಟ್ಟ. "ಚಾಲುಕ್ಯರ ಕಾಲದಾಗ ಇವು ಇನ್ನಾ ಈ ದೇಶಕ್ಕ ಬಂದಿದ್ದಿಲ್ಲ."

"ಹಂಗಾರ ನಾನೂ ಇನ್ನಾ ಈ ಮನಿಗಿ ಬಂದಿಲ್ರಿ," ಎಂದಳು ಕಾಕಿ. "ನೀವ ಅಡಗಿ ಮಾಡ್ಕೋರಿ."

ಮಧ್ಯಾಹ್ನದೊಳಗೆ ಮೆಣಸಿನಕಾಯಿ ಸಮುದ್ರ ದಾಟಿ ಬಂದಿತ್ತು.

ಈ ಸಲದ ಪಾಠ ಶುರುವಾದಾಗ ಕಾಕಾನಿಗೆ ಬೇರೊಂದು ಚಿಂತೆಯೂ ಇತ್ತು. ಘಾಟಬೋರಾಳದಿಂದ ಒಂದು ಹುಡುಗಿ ಅವನ ತರಗತಿಗೆ ಬಂದು ಸೇರಿದ್ದಳು. ತಾಯಿ ಸತ್ತ ಮೇಲೆ ಇಲ್ಲಿ ಅಜ್ಜಿಯ ಹತ್ತಿರ ಇದ್ದಳು. ಬಂದಾಗಿನಿಂದ ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. "ಬಾಯೇ ಬಿಡಲಾರದ ಹುಡುಗಿ ಸಾಲಿಗಿ ಹೋಗಿ ಏನು ಮಾಡ್ತದ? ಬಿಡಸ್ತೀನ್ರಿ," ಎಂದು ಅಜ್ಜಿ ಹೇಳಿಹೋಗಿದ್ದಳು. ಕಾಕಾ ಇದನ್ನು ನನಗೆ ಹೇಳುವಾಗ ಊಟ ಬಿಟ್ಟು ಎದ್ದಿದ್ದ.

ಆಮೇಲೆ ಒಂದು ಸಂಜೆ ಹುಮನಾಬಾದಿನ ನನ್ನ ಮನೆಗೆ ಅವನ ಫೋನು. ಧ್ವನಿ ಭಾರವಾಗಿತ್ತು. "ನಮ್ಮ ಗಂಗವ್ವ ಹೋದಳವ್ವಾ. ನಾಳಿ ಒಲಿ ಹಚ್ಚಂಗಿಲ್ಲ. ರೊಟ್ಟಿ ಕಟ್ಕೊಂಡು ಬಾ."

ಸಾವಿನ ಮನೆಗೆ ಬುತ್ತಿ ಒಯ್ಯುವುದು ನಮ್ಮ ಕಡೆಯ ರೂಢಿ. ಆದರೆ ಯಾವ ಗಂಗವ್ವ? ಅಳುವ ಧ್ವನಿಯಲ್ಲಿರುವವನನ್ನು "ಯಾರದು?" ಎಂದು ಕೇಳಲು ಬರುತ್ತದೆಯೇ? ಕಾಕಿಯ ತವರಿನವಳೇ ಇರಬೇಕೆಂದುಕೊಂಡು ನಸುಕಿನಲ್ಲೆದ್ದು ರೊಟ್ಟಿ ಬಡಿದೆ, ಕಡಲೆಹಿಟ್ಟಿನ ಝುಣಕ ಮಾಡಿದೆ, ಬಸ್ಸಿನಲ್ಲಿ ಕುಳಿತು ಗುರುತಿಲ್ಲದ ಗಂಗವ್ವನಿಗಾಗಿ ಕಣ್ಣೀರನ್ನೂ ಹಾಕಿದೆ.

ಮನೆ ಮುಟ್ಟಿದರೆ ಕಾಕಿ ಟಿವಿ ಹಚ್ಚಿಕೊಂಡು ಭಜಿ ಕರಿಯುತ್ತಿದ್ದಾಳೆ! ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಕಾಕಿ, ಗಂಗವ್ವ..."

"ಅಯ್ಯ, ನಿನಗೂ ಫೋನ್ ಮಾಡ್ಯಾರೇನು? ಅಕಿ ಪಾಠದಾಗಿನ ಹೆಣ್ಮಗಳವ್ವಾ, ಅರಮನಿಗಿ ಜ್ವಾಳ ಕುಟ್ಟಾಕಿ. ಅರಸರ ಕಾಲದಾಗೇ ಸತ್ತಾಳ. ನಡಿ, ಸಾಲಿಗಿ ಒಯ್ಯಿ. ನನಗಂತೂ ಪರೇಶಾನ್ ಮಾಡಿಟ್ಟಾರ."

ಸಿಟ್ಟು ನೆತ್ತಿಗೇರಿತ್ತು. ಕಾಕಾನಿಗೆ ನಾಲ್ಕು ಮಾತು ಬಿಗಿಯಲೇಬೇಕೆಂದು ಬುತ್ತಿ ಹಿಡಿದು ಶಾಲೆಗೆ ನಡೆದೆ. ಮಕ್ಕಳೆಲ್ಲ ಬೆಂಚು ಬಿಟ್ಟು ನೆಲದ ಮೇಲೆ ಕುಳಿತಿದ್ದರು.

"ಗಂಗವ್ವ ಸತ್ತ ಮರುದಿನ. ಮನಿ ಒಳಗ ಏನೇನು ಕಾಣಾಕತ್ತದ?" ಎಂದು ಕಾಕಾ ಕೇಳುತ್ತಿದ್ದ.

"ರಾಜ ಬಂದಾನ್ರಿ," ಎಂದ ಒಬ್ಬ.

"ಜ್ವಾಳ ಕುಟ್ಟಾಕಿ ಮನಿ ಹಾದಿ ರಾಜಗ ಹ್ಯಾಂಗ ಗೊತ್ತೋ?"

"ಕಂದೀಲ ಅದರಿ," ಎಂದ ಇನ್ನೊಬ್ಬ.

"ಆವಾಗ ಎಲ್ಲಿ ಕಂದೀಲು? ಹಣತಿ ಅನ್ನು."

ಆಗ ಹಿಂದಿನಿಂದ ಸಣ್ಣ ಧ್ವನಿಯೊಂದು ಬಂತು. "ಒನಕಿ ಮೂಲ್ಯಾಗ ಅದರಿ. ಯಾರೂ ಮುಟ್ಟವಲ್ರು."

ಎಲ್ಲರೂ ತಿರುಗಿ ನೋಡಿದರು. ಘಾಟಬೋರಾಳದ ಹುಡುಗಿ!

ಕಾಕಾ ಅಲ್ಲಾಡಲಿಲ್ಲ. ಮೆಲ್ಲಗೆ ಕೇಳಿದ, "ಅಕಿ ಮಗಳು ಏನು ಮಾಡಾಕತ್ತಾಳವ್ವಾ?"

"ಅವ್ವನ ಸೀರಿ ಹಿಡ್ಕೊಂಡು ಕುಂತಾಳ್ರಿ. ಒಗಿಯಾಕ ಕೊಡವಲ್ಲಳು. ಒಗದ್ರ ವಾಸನಿ ಹೋಗ್ತದಂತ."

"ಅಕಿಗಿ ಹಸಿವಾಗ್ಯಾದೇನು?"

"ಆಗ್ಯಾದ್ರಿ. ಹೇಳವಲ್ಲಳು."

ಕಾಕಾ ನನ್ನ ಕೈಯಲ್ಲಿದ್ದ ಬುತ್ತಿ ತೆಗೆದುಕೊಂಡು ಅವಳ ಮುಂದೆ ಬಿಚ್ಚಿಟ್ಟ. ಝುಣಕದಲ್ಲಿ ಮೆಣಸಿನಕಾಯಿ ಎದ್ದು ಕಾಣುತ್ತಿತ್ತು. ಆ ಮಹರಾಯ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಅಳುತ್ತಲೇ ತಿಂದಳು, ತಿನ್ನುತ್ತಲೇ ಅತ್ತಳು. ಬಿಗಿಯಬೇಕೆಂದಿದ್ದ ನಾಲ್ಕು ಮಾತೂ ನನಗೆ ಮರೆತುಹೋದವು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತೆ.

ಕೈ ತೊಳೆದು ಬಂದವಳು ಕಾಕಾನ ಎದುರು ನಿಂತು ಕೇಳಿದಳು, "ಸರ್, ಅಕಿ ಮಗಳು ಮುಂದ ಏನಾಗ್ತಾಳ್ರಿ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ನಮ್ಮ ಕಾಕಾ ಪಾಠದ ಪುಸ್ತಕ ಮುಚ್ಚಿ ಬದಿಗಿಟ್ಟ.

"ಪಾಠದಾಗ ಬರದಿಲ್ಲವ್ವಾ. ನನಗೂ ಗೊತ್ತಿಲ್ಲ. ನೀ ವಿಚಾರ ಮಾಡಿ ಹೇಳ್ತೀ?"

ಹುಡುಗಿ ಮೂಗೊರೆಸಿಕೊಂಡಳು.

"ನಾಳಿ ಬಂದು ಹೇಳ್ತೀನ್ರಿ."