ಕಪ್ಪೋ ನೀಲಿಯೋ ಎಂಬ ಸೈಕಲ್ ಸಂಕಟ

ಎರಡು ವಸ್ತುಗಳ ಬೆಲೆಯಲ್ಲಿ ದೊಡ್ಡ ಅಂತರವಿದ್ದರೆ ಮಧ್ಯಮ ವರ್ಗದವನಿಗೆ ಚಿಂತೆಯೇ ಇಲ್ಲ. ಅಗ್ಗದ್ದನ್ನು ತಂದು, ದುಬಾರಿಯದಕ್ಕೆ ಇಲ್ಲದ ಕೊರತೆಗಳನ್ನು ಹೊರಿಸುತ್ತ ಆಯುಷ್ಯ ಕಳೆಯಬಹುದು. ಬೆಲೆ ಹೆಚ್ಚುಕಡಿಮೆ ಒಂದೇ ಆದರೆ ಮಾತ್ರ ಕಷ್ಟ. ಆಗ ಜೇಬು ಕೈಕಟ್ಟಿ ಕೂತು, 'ನಿನಗೇನು ಬೇಕೋ ನೀನೇ ಹೇಳಪ್ಪಾ' ಎನ್ನುತ್ತದೆ. ನನಗೇನು ಬೇಕೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಹಾಗಾಗಿ ಹೇಳಿ ಅಭ್ಯಾಸವೂ ಇರಲಿಲ್ಲ.

ನಾನು ಡೊಂಬಿವಲಿಯವನು, ಐರೋಲಿಯ ಕಚೇರಿಯೊಂದರಲ್ಲಿ ಕೆಲಸ. ಐವತ್ತರ ಹೊಸ್ತಿಲಲ್ಲಿ ಕೆಲವರಿಗೆ ಭಕ್ತಿ ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ. ನನಗೆ ಟ್ರಯಥ್ಲಾನ್ ಬಂತು. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಬೇಕು, ಇಳಿದು ಓಡಬೇಕು. ಮಳೆಗಾಲದಲ್ಲಿ ತೊಯ್ದು ತೊಪ್ಪೆಯಾಗಿ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಲು ಓಡುವ ನನಗೆ ಮುಕ್ಕಾಲು ಪಾಲು ವಿದ್ಯೆ ಆಗಲೇ ಬಂದಿದೆ ಎಂದುಕೊಂಡೆ. ಈಜು ಬರುತ್ತಿರಲಿಲ್ಲ. ಅದನ್ನು ಸೈಕಲ್ ತಂದ ಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟೆ.

ಠಾಣೆಯ ಅಂಗಡಿಯೊಂದರಲ್ಲಿ ಟ್ರಯಥ್ಲಾನಿನ ಸೈಕಲ್‌ಗಳು ಎರಡಿದ್ದವು. ಹ್ಯಾಂಡಲ್ಲಿನಿಂದ ಮುಂದಕ್ಕೆ ಎರಡು ಕೊಂಬು. ಅವುಗಳ ಮೇಲೆ ಮೊಣಕೈಯೂರಿ, ಸಾಷ್ಟಾಂಗ ನಮಸ್ಕಾರಕ್ಕೆ ಹೊರಟವರಂತೆ ಬಾಗಿ ತುಳಿಯಬೇಕು. ಕಪ್ಪಿನದು ಕಾರ್ಬನ್ನಿನದು, ಒಂದು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಗೇರು ಮಾತ್ರ ಸಾಧಾರಣ. ನೀಲಿಯದು ಸ್ವಲ್ಪ ಭಾರ, ಗೇರು ಬೆಣ್ಣೆಯಷ್ಟು ನಯ. ಪ್ರತಿ ಶನಿವಾರ ಹೋಗಿ ನೋಡುತ್ತಿದ್ದೆ. ಕಪ್ಪಿನೆದುರು ನಿಂತರೆ ನೀಲಿಯದರ ನೆನಪು, ನೀಲಿಯದನ್ನು ಮುಟ್ಟಿದರೆ ಕಪ್ಪಿಗೆ ದ್ರೋಹ ಮಾಡಿದ ಭಾವ. ಲೋಕಲ್‌ನಲ್ಲಿ ಯಾರದೋ ಕಂಕುಳಡಿ ಸಿಕ್ಕಿಕೊಂಡು ಕಣ್ಣು ಮುಚ್ಚಿದರೆ ಸಾಕು, ನಾನು ಪಾಮ್ ಬೀಚ್ ರಸ್ತೆಯಲ್ಲಿ ಖಾಡಿಯ ಹಿನ್ನೀರ ಗಾಳಿ ಸೀಳಿಕೊಂಡು ಹೋಗುತ್ತಿದ್ದೆ. ಕೆಳಗಿರುವ ಸೈಕಲ್ಲಿನ ಬಣ್ಣ ಮಾತ್ರ ಡೊಂಬಿವಲಿ ಸ್ಟೇಷನ್ನಿಗೊಂದು, ಮುಂಬ್ರಾಕ್ಕೊಂದು.

ಮನೆಯಲ್ಲಿ ಊಟದ ಹೊತ್ತಿಗೂ ಅದೇ ಪುರಾಣ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ. "ಪಪ್ಪಾ, ಕುಠಲೀಹೀ ಏಕ್ ಘ್ಯಾ ನಾ!" ಎಂದು ತಟ್ಟೆ ಎತ್ತಿಕೊಂಡು ಏಳುತ್ತಿದ್ದಳು. ಯಾವುದಾದರೂ ಒಂದು ತೆಗೆದುಕೊಳ್ಳಿ ಎಂದರೆ ಮುಗಿಯಿತೇ? ಹೆಂಡತಿ ವಾರಿಜಾ ಮಾತ್ರ ಕೊನೆಯವರೆಗೆ ಕೂತು ಕೇಳುವವಳು. ಬಾರ್ಕೂರಿನ ಹತ್ತಿರ ಹೊಳೆಬದಿಯ ಮನೆಯಿಂದ ಮದುವೆಯಾಗಿ ಬಂದವಳು. ಸೀರೆ, ಫ್ರಿಜ್ಜು, ಈ ಫ್ಲ್ಯಾಟು ಯಾವುದನ್ನು ಕೇಳಿದರೂ ಅವಳದು ಒಂದೇ ಮಾತು: "ಯಾವುದಾದ್ರೂ ಆಗ್ತದೆ."

"ಒಮ್ಮೆ ನೀನೂ ಬಂದು ನೋಡು," ಎಂದೆ ಒಂದು ಶನಿವಾರ.

"ನಂಗೆಂತ ಗೊತ್ತಾಗ್ತದೆ ಮಾರಾಯ್ರೆ," ಎನ್ನುತ್ತಲೇ ಚಪ್ಪಲಿ ಮೆಟ್ಟಿದಳು.

ಅಂಗಡಿಯವನು ನನ್ನನ್ನು ಕಪ್ಪಿನದರ ಮೇಲೆ ಹತ್ತಿಸಿ, "ಝುಕಿಯೇ ಸರ್" ಎಂದ. ಬಾಗಿದೆ. ಮೊಣಕಾಲು ಮೇಲೆ ಬಂದು ಹೊಟ್ಟೆಗೆ ಗುದ್ದಿತು. ಹೊಟ್ಟೆ ಉಸಿರನ್ನು ಹೊರಗೆ ತಳ್ಳಿತು. ಕತ್ತೆತ್ತಿದರೆ ಬೆನ್ನು ಹಿಡಿಯಿತು, ಎತ್ತದಿದ್ದರೆ ಕಾಣುವುದು ನನ್ನದೇ ಮುಂದಿನ ಚಕ್ರ. "ಅಭ್ಯಾಸ ಆಗುತ್ತೆ ಸರ್," ಎಂದ ಅವನು ಹಿಂದಿಯಲ್ಲಿ, ನನ್ನ ಮುಖ ನೋಡದೆ. ನೀಲಿಯದು ನನಗೆ ಚಿಕ್ಕದಂತೆ. ನನ್ನ ಅಳತೆಯದನ್ನು ತರಿಸಬೇಕಂತೆ.

ಆಗ ಹಿಂದಿನಿಂದ ವಾರಿಜಾ, "ನಾನೊಮ್ಮೆ ಕೂತು ನೋಡ್ಲಾ?" ಎಂದಳು.

ತಮಾಷೆಗೆಂದುಕೊಂಡೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನೀಲಿಯದನ್ನು ಹತ್ತಿದಳು. ಮೊಣಕೈಯೂರಿ ಬಾಗಿದಳು. ಅಂಗಡಿಯವನು ಏನನ್ನೂ ಸರಿಪಡಿಸಬೇಕಾಗಲಿಲ್ಲ. ಅಲುಗಾಡದ ಸ್ಟ್ಯಾಂಡಿನ ಮೇಲೆ ಅವಳು ತುಳಿಯುತ್ತಾ ಹೋದಳು, ಚಕ್ರ ಸುಯ್ಯೆಂದು ಹಾಡತೊಡಗಿತು. ಎದುರಿಗಿದ್ದದ್ದು ಅಂಗಡಿಯ ಬೋಳು ಗೋಡೆ. ಅವಳು ಅದರಾಚೆ ಬಹಳ ದೂರದ ಏನನ್ನೋ ನೋಡುತ್ತಿದ್ದಳು. ಮದುವೆಯ ಆಲ್ಬಮ್ಮಿನಲ್ಲಿ ನನ್ನ ಪಕ್ಕ ನಿಂತಾಗಲೂ ಆ ಮುಖ ಹಾಗಿರಲಿಲ್ಲ.

"ಸಾಕು, ಇಳಿ," ಎಂದೆ.

ಇಳಿಯಲಿಲ್ಲ. "ಶಾಲೆಗೆ ಹೋಗ್ಲಿಕ್ಕೆ ಅಣ್ಣನಿಗೆ ಸೈಕಲ್ ತಂದಿದ್ರು," ಎಂದಳು ತುಳಿಯುತ್ತಲೇ. "ನಾನು ಅದರ ಹಿಂದೆ ಓಡ್ತಿದ್ದೆ. ದೋಣಿಯವ ತಡ ಮಾಡಿದ್ರೆ ಹೊಳೆ ಈಜಿ ದಾಟ್ತಿದ್ದೆ." ಆಮೇಲೆ ಕಾಲು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಇದು ನಂಗೆ ಬೇಕು."

ಅಷ್ಟು ವರ್ಷ ಜೊತೆಗಿದ್ದವಳ ಬಾಯಿಂದ 'ಬೇಕು' ಎಂಬ ಶಬ್ದ ನಾನು ಕೇಳಿದ್ದು ಅದೇ ಮೊದಲು. ತಿಂಗಳುಗಟ್ಟಲೆ ನನ್ನಿಂದಾಗದ ಆಯ್ಕೆಯನ್ನು ಅವಳು ಒಂದು ಉಸಿರಿನಲ್ಲಿ ಮಾಡಿ ಮುಗಿಸಿದ್ದಳು. ಎರಡು ಕೊಳ್ಳುವ ಯೋಗ್ಯತೆ ನಮಗಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಕಪ್ಪಿನದನ್ನು ಒಮ್ಮೆ ನೋಡಿದೆ. ನಂತರ ಅಂಗಡಿಯವನಿಗೆ, "ನೀಲಿಯದನ್ನೇ ಕೊಡಿ," ಎಂದೆ. ನನ್ನ ದನಿ ನಡುಗಿದ್ದನ್ನು ಅವನು ಔದಾರ್ಯವೆಂದು ತಿಳಿದಿರಬೇಕು.

ಚಳಿಗಾಲದಲ್ಲಿ ಅವಳು ಸ್ಪರ್ಧೆಗೆ ಹೆಸರು ಕೊಟ್ಟಳು. ಸ್ಪರ್ಧೆಯ ದಿನ, ಈಜು ಮುಗಿಸಿ ನೀರಿನಿಂದೆದ್ದು ಬಂದವಳಿಗೆ, ಚೀಲ ಹಿಡಿದು ನಿಂತ ನಾನು ಕೈಬೀಸಿದೆ. ನೋಡಲಿಲ್ಲ. ಹೆಲ್ಮೆಟ್ ಸಿಕ್ಕಿಸಿ, ನೀಲಿಯದನ್ನೇರಿ, ಬಾಗಿ, ಹೋಗಿಯೇ ಬಿಟ್ಟಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತೆ. ಲೋಕಲ್‌ನಲ್ಲಿ ಕಣ್ಣು ಮುಚ್ಚಿ ನಾನು ಕಂಡಿದ್ದ ಸವಾರನ ಬೆನ್ನು ಅದೇ. ಅದು ನನ್ನದಲ್ಲದಿದ್ದದ್ದು ಮಾತ್ರ ವ್ಯತ್ಯಾಸ. ಸಂಜೆ, "ಬೇಜಾರುಂಟಾ?" ಎಂದು ಕೇಳಿದಳು. "ಛೆ, ಎಂಥ ಬೇಜಾರು," ಎಂದೆ. ಅವಳು ನಂಬಲಿಲ್ಲ, ನನಗಾಗಿ ನಂಬಿದಂತೆ ಮಾಡಿದಳು.

ಈಗಲೂ ಶನಿವಾರ ಠಾಣೆಯ ಅಂಗಡಿಗೆ ಹೋಗುತ್ತೇನೆ. ಅವಳ ಸೈಕಲ್ಲಿಗೆ ಟ್ಯೂಬು ಬೇಕು, ಚೈನಿಗೆ ಎಣ್ಣೆ ಬೇಕು, ನೆಪಕ್ಕೆ ಬರವಿಲ್ಲ. ಕಪ್ಪಿನದು ಇನ್ನೂ ಅಲ್ಲೇ ಇದೆ. ಮೊನ್ನೆ ಅದರೆದುರು ನನ್ನದೇ ವಯಸ್ಸಿನ, ನನ್ನದೇ ಹೊಟ್ಟೆಯ ಒಬ್ಬರು ನಿಂತಿದ್ದರು. ಪಕ್ಕದಲ್ಲೊಂದು ಹೊಸ ಕೆಂಪು ಸೈಕಲ್. "ಬೆಲೆ ಒಂದೇ. ಯಾವುದು ಒಳ್ಳೇದು?" ಎಂದು ಹಿಂದಿಯಲ್ಲಿ ಕೇಳಿದರು.

"ಯಾವುದನ್ನಾದರೂ ತಗೊಳ್ಳಿ," ಎಂದೆ. "ಮನೆಯವರನ್ನು ಮಾತ್ರ ಕರ್ಕೊಂಡು ಬರಬೇಡಿ."

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಮನಸ್ಸು ಚುಚ್ಚಿತು. ಮತ್ತೆ ಹತ್ತಿಹೋಗಿ, "ತಪ್ಪು ಹೇಳಿದೆ, ಕರ್ಕೊಂಡು ಬನ್ನಿ," ಎಂದೆ. ಆ ಮನುಷ್ಯ ಆಗಲೇ ಬೆಂಚಿನ ಮೇಲೆ ಕೂತಿದ್ದರು. ಕಪ್ಪಿನದರ ಮೇಲೆ ಮೊದಲೇ ಜೊತೆಗೆ ಬಂದಿದ್ದ ಅವರ ಹೆಂಡತಿ ಬಾಗಿ ತುಳಿಯುತ್ತಿದ್ದರು. ನನಗೂ ಸ್ವಲ್ಪ ಜಾಗ ಕೊಟ್ಟರು. ಕೂತೆ.