ಬಲಗಡೆಯ ಸೈಡ್ ಸ್ಟ್ಯಾಂಡ್

ಆಯುಧಪೂಜೆಯ ದಿನ ತನ್ನ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದ ಮಧುಕುಮಾರನ ಕಣ್ಣು ಸೈಡ್ ಸ್ಟ್ಯಾಂಡಿನ ಮೇಲೆ ಬಿದ್ದಿತು. ಸ್ಟ್ಯಾಂಡು ಎಡಗಡೆಗಿತ್ತು. ಲೋಕದ ಎಲ್ಲ ಸ್ಕೂಟರುಗಳಿಗೂ ಅಲ್ಲೇ ಇರುತ್ತದೆ. ಆದರೆ ಕಂಪನಿಯ ಹೊಸ ಎಲೆಕ್ಟ್ರಿಕ್ ಸ್ಕೂಟರಿಗೆಂದು ಅವನು ನಿನ್ನೆ ಕಂಪ್ಯೂಟರಿನಲ್ಲಿ ಬರೆದು ಕಳಿಸಿದ್ದ ಡ್ರಾಯಿಂಗಿನಲ್ಲಿ ಅದು ಬಲಗಡೆಗಿತ್ತು. ಪರದೆಯ ಮೇಲೆ ಗಾಡಿಯನ್ನು ಎದುರಿನಿಂದ ನೋಡುತ್ತ, ತನ್ನ ಎಡವೇ ಸವಾರನ ಎಡ ಎಂದುಕೊಂಡು ಬಟನ್ ಒತ್ತಿದ್ದ ಮಹಾನುಭಾವ.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಪುಟ್ಟ ಕಂಪನಿಯಲ್ಲಿ ಅವನಿನ್ನೂ ಪ್ರೊಬೇಷನ್ನಿನಲ್ಲಿದ್ದ. ಹೋದ ಸಲ ಅವನ ಡ್ರಾಯಿಂಗ್ ನಂಬಿ ಕೊರೆದ ಉಕ್ಕಿನ ಅಚ್ಚು, ಅಂದರೆ ಡೈ, ಗುಜರಿಗೆ ಹೋಗಿತ್ತು. ಯಜಮಾನ ನಾಗಭೂಷಣ್ ಕೂಗಾಡಿರಲಿಲ್ಲ. "ಇನ್ನೊಂದ್ ಡೈ ಹಾಳಾದ್ರೆ ನೀವು ಬೇರೆ ಕಡೆ ನೋಡ್ಕೊಳಿ" ಎಂದು ಮೆತ್ತಗೆ ಹೇಳಿದ್ದರು. ಆ ಮೆತ್ತಗಿನ ದನಿಯೇ ಮಧುವಿನ ನಿದ್ದೆ ಕೆಡಿಸಿತ್ತು.

ಡೈ ಕೊರೆಯುವವನು ಸುಂಕದಕಟ್ಟೆಯ ಕೊಟ್ರೇಶ್. ಅವನಲ್ಲಿ ಪೂಜೆ ಸಂಜೆಗೆ. ಅಷ್ಟರೊಳಗೆ ಈ ಡೈ ಮುಗಿಸಿ ಮೆಷಿನ್ ತೊಳೆಯುತ್ತೇನೆ ಎಂದಿದ್ದ. ಅವನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳೋಣವೆಂದರೆ ಅವನು ಯಜಮಾನರ ಹೆಂಡತಿಯ ತಮ್ಮ. ಅವನಿಗೆ ಹೇಳುವುದೂ ಒಂದೇ, ಮೈಕ್ ಹಿಡಿದು ಸಾರುವುದೂ ಒಂದೇ. ಡ್ರಾಯಿಂಗ್ ತಿದ್ದಿ ಸದ್ದಿಲ್ಲದೆ ಕಳಿಸುವುದೇ ಮೇಲೆಂದು ಮಧು ಆಫೀಸಿನೊಳಗೆ ಓಡಿದ.

ಕಂಪ್ಯೂಟರುಗಳೆಲ್ಲ ಆಫ್ ಆಗಿ, ಚೆಂಡುಹೂ ಮುಡಿದು, ವಿಭೂತಿ ಬಳಿದುಕೊಂಡು ಕೂತಿದ್ದವು. ಕಾವಲಿಗೆ ಯಜಮಾನರ ತಾಯಿ ಬಸವರಾಜೇಶ್ವರಿ.

"ಒಂದೈದ್ ನಿಮಿಷ ಸಿಸ್ಟಮ್ ಬೇಕಿತ್ತಮ್ಮಾ."

"ಪೂಜೆ ಆಗಿದೆಯಲ್ಲಪ್ಪಾ. ನಾಳೆವರ್ಗೂ ಆಯುಧ ಮುಟ್ಟಬಾರ್ದು."

"ಇದು ಆಯುಧ ಅಲ್ಲಮ್ಮಾ, ಕಂಪ್ಯೂಟರು."

"ನನ್ ಮಗ ಇದರಿಂದ್ಲೇ ನಮಗೆ ಅನ್ನ ಅಂತಾನೆ. ನೀನು ಬೇರೆ ಎಲ್ಲಾದ್ರೂ ಉಣ್ತೀಯೇನು?"

ಮಂಡಕ್ಕಿ ಹಂಚುತ್ತಿದ್ದ ಅಕೌಂಟ್ಸ್‌ನ ರಕ್ಷಾ ಸುಮ್ಮನಿದ್ದಾಳೆಯೇ? "ಹಬ್ಬದ ದಿನಾನೂ ಕೆಲ್ಸ ಅಂತೀರಲ್ಲ ಮಧು, ನಿಮ್ಮಿಂದ ನಮಗೆಲ್ಲ ಕೆಟ್ಟ ಹೆಸ್ರು" ಅಂದಳು. ಇವಳ ಬಾಯಿಗೆ ಅದೇ ಮಂಡಕ್ಕಿ ತುರುಕಬೇಕೆನಿಸಿತು ಅವನಿಗೆ.

ಹಳೆಯ ಗೆಳೆಯ ಮೋಹನ್ ಕುಮಾರ್ ವಿಜಯನಗರದ ಮನೆಯಲ್ಲೇ ಡಿಸೈನ್ ಕೆಲಸ ಮಾಡುತ್ತಿದ್ದ. ಬಾಳೆಕಂಬದ ಸಂತೆ, ಕುಂಬಳಕಾಯಿ ಒಡೆದು ಜಾರುವ ರಸ್ತೆ ಎಲ್ಲ ದಾಟಿ ಮಧು ಬಾಗಿಲು ತಟ್ಟಿದ.

"ಮಗಾ, ಅಮ್ಮ ಲ್ಯಾಪ್‌ಟಾಪ್‌ಗೂ ತೀರ್ಥ ಚಿಮುಕ್ಸಿದಾರೆ ಕಣೋ. ಆನ್ ಆಗ್ತಿಲ್ಲ. ಅಕ್ಕಿ ಡಬ್ಬದಲ್ಲಿ ಇಟ್ಟಿದೀನಿ" ಅಂದ ಮೋಹನ್. "ಬಂದಿದೀಯ, ಪುಳಿಯೋಗರೆ ತಿನ್ಕೊಂಡ್ ಹೋಗು."

ಮಧು ತಿನ್ನಲಿಲ್ಲ. ಬಂದ ದಾರಿಯಲ್ಲೇ ಸ್ಕೂಟರ್ ತಿರುಗಿಸಿದ.

ಆಫೀಸಿಗೆ ಮರಳಿದಾಗ ಪುಣ್ಯಕ್ಕೆ ಬಸವರಾಜೇಶ್ವರಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಹೋಳಿಗೆಯ ಮಹಿಮೆ. ಮಧು ಉಸಿರು ಹಿಡಿದು ಹೂ ಸರಿಸಿ ಕಂಪ್ಯೂಟರ್ ಆನ್ ಮಾಡಿದ. ಸ್ಟ್ಯಾಂಡನ್ನು ಎಡಕ್ಕೆ ತಂದ. 'ಹಳೇದು ಬಿಟ್ಟು ಇದನ್ನೇ ಹಾಕಿ' ಎಂದಷ್ಟೇ ಬರೆದು ಕೊಟ್ರೇಶನಿಗೆ ಮೇಲ್ ಮಾಡಿದ. ಹೂವನ್ನು ಮೊದಲಿನಂತೆಯೇ ಮುಡಿಸಿದ. ಅಜ್ಜಿ ಕಣ್ಣು ಬಿಟ್ಟಾಗ ಅವನು ಕೈಮುಗಿದು ನಿಂತಿದ್ದ. "ಇಷ್ಟು ಭಕ್ತಿ ಇರೋ ಹುಡುಗ್ರು ಈಗೆಲ್ಲಿ" ಎಂದು ಆಕೆ ಮೆಚ್ಚಿಕೊಂಡರು.

ಸಂಜೆ ನಾಗಭೂಷಣ್ ಅವನನ್ನು ಕರೆದರು.

"ಬೆಳಿಗ್ಗೆ ದೇವರ ಮುಂದೆ ನಿಮ್ಮ ಡ್ರಾಯಿಂಗ್ ಪ್ರಿಂಟ್ ಇಟ್ಟಿದ್ವಲ್ಲ, ಮಂಗಳಾರತಿ ಹೊತ್ನಲ್ಲಿ ನೋಡ್ದೆ. ಸ್ಟ್ಯಾಂಡ್ ಬಲಗಡೆ ಹಾಕಿದೀರಿ."

ಮಧು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ.

"ಹೆದರ್ಬೇಡಿ. ಹಬ್ಬದ ದಿನ ಒಬ್ಬರ ಅನ್ನ ಕೀಳೋದು ಬೇಡ ಅನ್ನಿಸ್ತು. ಕೊಟ್ರೇಶ್‌ಗೆ ಆಗ್ಲೇ ಫೋನ್ ಮಾಡಿ, ಮಧು ಡ್ರಾಯಿಂಗನ್ನ ಎಡಬಲ ಅದಲುಬದಲು ಮಾಡಿ ಕೊರಿ ಅಂದೆ. ಡೈ ಮುಗೀತಂತೆ, ಈಗಷ್ಟೇ ಹೇಳ್ದ. ನಾಳೆ ನಿಮ್ಮನ್ನ ಪರ್ಮನೆಂಟ್ ಮಾಡ್ತೀನಿ."

ಮಧುವಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬಗ್ಗಿದವನು ಅರ್ಧಕ್ಕೇ ನಿಂತ.

"ಸಾರ್, ಯಾವ ಡ್ರಾಯಿಂಗ್ ಅದಲುಬದಲು ಮಾಡಿದ್ರಂತೆ?"

"ಮಧ್ಯಾಹ್ನ ನೀವು ಎರಡನೇದು ಕಳ್ಸಿದ್ರಂತಲ್ಲ, ಅದೇ." ಅಲ್ಲಿಗೆ ಅವರ ಮಾತು ನಿಧಾನವಾಯಿತು. "ಅದ್ರಲ್ಲಿ ಸ್ಟ್ಯಾಂಡ್ ಯಾವ ಕಡೆ ಇತ್ತು?"

"ಎಡಗಡೆ ಸಾರ್" ಅಂದ ಮಧುಕುಮಾರ.

ಆ ಕಂಪನಿಯಲ್ಲಿ ಅವನು ಮಾಡಿದ ಮೊದಲ ಸರಿಯಾದ ಡ್ರಾಯಿಂಗು ಅದೇ. ಕಡೆಯದೂ ಅದೇ.