ಜಿಪ್ಪಿಲ್ಲದ ಶೂರ

ಮೂವತ್ತು ವರ್ಷ ಹೊಲಿಗೆ ಮಷೀನು ತುಳಿದವಳ ಕಣ್ಣಿಗೆ ಎಲ್ಲಿ ಹೋದರೂ ಹೊಲಿಗೆಯೇ ಕಾಣೋದು. ಮದುವೆಮನೆಯಲ್ಲೂ ಹುಡುಗಿಯ ಮುಖಕ್ಕಿಂತ ಮೊದಲು ರವಿಕೆಯ ತೋಳು ನೋಡ್ತೀನಿ. ಇನ್ನು ಸಿನಿಮಾದವರನ್ನ ಬಿಡ್ತೀನಾ?

೧. ಹರಿದ ಶಲ್ಯ

ಆಗ ಹಲಸೂರಿನ ನಮ್ಮ ವಠಾರದಲ್ಲಿ ವಿಸಿಆರ್ ಇದ್ದದ್ದು ಎದುರುಮನೆಯವರಿಗೆ ಮಾತ್ರ. ಆ ಯಜಮಾನರು ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರು. ಒಂದು ಭಾನುವಾರ, ಆಕಾಶದಲ್ಲಿ ಹಾರೋ ಶೂರನ ಇಂಗ್ಲಿಷ್ ಸಿನಿಮಾ ಹಾಕಿದ್ದರು. ನನ್ನ ಆರು ವರ್ಷದ ಮೊಮ್ಮಗಳು ಬಾಯಿ ಬಿಟ್ಟುಕೊಂಡು ನೋಡ್ತಿದ್ದಳು. ದುಷ್ಟನೊಬ್ಬ ಶೂರನ ಬೆನ್ನ ಮೇಲಿನ ಕೆಂಪು ಶಲ್ಯವನ್ನ ಮೊಳದುದ್ದ ಹರಿದ. ಶೂರ ಗೋಡೆ ಒಡೆದು ಆಚೆ ಬಂದ. ನೋಡಿದರೆ, ಶಲ್ಯ ಹೊಚ್ಚ ಹೊಸದು!

"ನಿಲ್ಲಿಸ್ರೀ! ಅದನ್ನ ಯಾರು ಹೊಲಿದ್ರು?" ಅಂದೆ.

"ಅವನಿಗೆ ಶಕ್ತಿ ಇದೆ ಅಜ್ಜೀ."

"ಇರಲಿ ಪುಟ್ಟಾ. ದಾರ ಪೋಣಿಸೋಕೂ ಹೊತ್ತು ಬೇಡ್ವಾ?"

ಎದುರುಮನೆಯಾಕೆ ನನ್ನ ಕಡೆ ತಿರುಗಿದಳು. "ನನ್ನ ರವಿಕೆ ಕೊಟ್ಟು ತಿಂಗಳಾಯ್ತು. ಅವನ ಹತ್ರಾನೇ ಕೊಡಬೇಕಿತ್ತು ಬಿಡಿ."

೨. ಬಿಚ್ಚಿಟ್ಟ ಪ್ಯಾಂಟು

ಅದೇ ಶೂರ ಸಂದಿಯೊಳಗೆ ಪ್ಯಾಂಟು, ಶರ್ಟು ಬಿಚ್ಚಿ ಹಾರಿಹೋದ. ಸಂಜೆ ಅದೇ ಶರ್ಟಲ್ಲಿ ಆಫೀಸಿನಲ್ಲಿ ಕೂತಿದ್ದಾನೆ, ಒಂದು ಸುಕ್ಕಿಲ್ಲ!

"ಶಿವಾಜಿನಗರ ಬಸ್ ಸ್ಟ್ಯಾಂಡಲ್ಲಿ ಬಿಚ್ಚಿಟ್ಟು ಹಾರಲಿ ನೋಡೋಣ, ಇಳಿಯೋಷ್ಟರಲ್ಲಿ ಬೇರೆ ಯಾರೋ ಹಾಕ್ಕೊಂಡು ಬಸ್ ಹತ್ತಿರ್ತಾರೆ" ಅಂದೆ. "ಅದಿರಲಿ, ಮೈಗಂಟಿದ ಆ ಬಟ್ಟೆಗೆ ಜಿಪ್ಪಿಲ್ಲ, ಗುಂಡಿಯಿಲ್ಲ. ಇವನು ಒಂದಕ್ಕೆ ಹೇಗೆ ಹೋಗ್ತಾನ್ರೀ?"

ಫಿಟ್ಟರು ಯಜಮಾನರಿಗೆ ಕಾಫಿ ಮೂಗಿಗೆ ಹತ್ತಿತು. ಮೊಮ್ಮಗಳು ಮಾತ್ರ ಕೆಂಡವಾದಳು. "ಶೂರರು ಹೋಗಲ್ಲ!"

೩. ವೇಷದ ದಿನ

ಮರುತಿಂಗಳೇ ಅವಳ ಸ್ಕೂಲಲ್ಲಿ ವೇಷದ ಸ್ಪರ್ಧೆ. ಹಿಂದಿನ ವರ್ಷ ಟೊಮ್ಯಾಟೊ ಆಗಿ ಬರಿಗೈಲಿ ಬಂದು, ಎರಡು ದಿನ ಅತ್ತವಳು. ಈ ಸಲ ಪ್ರೈಜು ಬರಲೇಬೇಕು.

"ಶೂರನ ಬಟ್ಟೆ ಹೊಲಿ. ಜಿಪ್ಪು ಇಡಬೇಡ. ಸಿನಿಮಾದಲ್ಲಿಲ್ಲ!"

"ಬೇಡ ಕಣೇ, ಕಷ್ಟ."

ಕೇಳಲಿಲ್ಲ. ಬಟ್ಟೆ ತೊಡಿಸಿ, ಬೆನ್ನ ಕಡೆಯ ಸೀಳನ್ನ ಮೈಮೇಲೇ ಹೊಲಿದುಬಿಟ್ಟೆ. ಶಲ್ಯ ಕಟ್ಟಿದೆ. ಶಕ್ತಿ ಬರಲಿ ಅಂತ ಎರಡು ಲೋಟ ಪಾನಕಾನೂ ಕುಡಿಸಿದೆ. ತಪ್ಪು ನನ್ನದೇ.

ವೇದಿಕೆ ಮೇಲೆ ಕೈ ಸೊಂಟಕ್ಕಿಟ್ಟು ನಿಂತಳು. ಏನು ಚಪ್ಪಾಳೆ! ಮೇಡಂ ಮೈಕು ಹಿಡಿದು, "ಯಾರನ್ನ ಕಾಪಾಡೋಕೆ ಬಂದೆ ಶೂರಾ?" ಅಂದರು.

ಶೂರ ಕಾಲಿಗೆ ಕಾಲು ಹೆಣೆದಳು. ಮೈಕು ಕಿತ್ತುಕೊಂಡಳು.

"ಅಜ್ಜೀ! ಶೂರರೂ ಹೋಗ್ತಾರೆ! ಕತ್ತರಿ ತಾ!"

ಎರಡು ಸಾಲು ಕುರ್ಚಿ ದಾಟಿ ಹೋದೆ, ನಾನೇ ಹಾರಿದೆನೋ ಏನೋ. ಟಾಯ್ಲೆಟ್ಟಿನ ಬಾಗಿಲಲ್ಲೇ ಬೆನ್ನ ಹೊಲಿಗೆ ಸೀಳಿದೆ. ಒಂದು ಹನಿ ಕೆಳಗೆ ಬೀಳದೆ ಕೆಲಸ ಮುಗೀತು. ಅಷ್ಟರಲ್ಲಿ ಮೈಕಲ್ಲಿ ಕೂಗಿದರು: ಮೊದಲನೇ ಪ್ರೈಜು, ನಮ್ಮ ಶೂರನಿಗೇ!

"ಅಜ್ಜೀ, ಬೇಗ ಹೊಲಿ!"

ಕತ್ತರಿಯೇನೋ ಚೀಲದಲ್ಲಿತ್ತು, ಸೂಜಿ ಮನೇಲಿ. ಬೆನ್ನು ಕುತ್ತಿಗೆಯಿಂದ ಕೆಳಗಿನ ತನಕ ಬಟಾಬಯಲು. ಶಲ್ಯವನ್ನ ಚೆನ್ನಾಗಿ ಎಳೆದು ಮುಚ್ಚಿ, "ನಡಿ, ತಿರುಗಬೇಡ" ಅಂತ ವೇದಿಕೆಗೆ ಕಳಿಸಿದೆ.

ಹಾರೋ ಶೂರರೆಲ್ಲ ಬೆನ್ನ ಮೇಲೆ ಶಲ್ಯ ಯಾಕೆ ಹಾಕ್ಕೊಳ್ತಾರೆ ಅನ್ನೋದು ನನಗೆ ಅವತ್ತು ಗೊತ್ತಾಯ್ತು.